ಗೌಡರ ಹೊಲದಲ್ಲಿ ಹೂತ ಪಟಾಪಟಿ ಚಡ್ಡಿ

ನಾನು ಯಾರೆಂದು ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನಗುತ್ತೀರಿ, ಉಳಿದರ್ಧ ಜನ ಮೂಗು ಮುರಿಯುತ್ತೀರಿ. ಆದರೂ ಹೇಳಿಯೇ ಬಿಡುತ್ತೇನೆ. ನಾನು ಒಂದು ಚಡ್ಡಿ. ಅದರಲ್ಲೂ ಮಂಡ್ಯ ಸೀಮೆಯ ಅಪ್ಪಟ ಪಟಾಪಟಿ ಚಡ್ಡಿ. ಮೈತುಂಬ ನೀಲಿ ಬಿಳಿ ಪಟ್ಟೆ, ಬಲಗಡೆ ಒಂದು ಜೇಬು, ಸೊಂಟಕ್ಕೆ ಲಾಡಿ. ನನ್ನಂಥವರು ಆತ್ಮಕಥೆ ಹೇಳಿಕೊಳ್ಳುವ ವಾಡಿಕೆ ಇಲ್ಲ. ನಾವು ಕಂಡದ್ದನ್ನೆಲ್ಲ ಹೇಳಲು ಹೊರಟರೆ ಊರಿನಲ್ಲಿ ಒಬ್ಬರ ಮಾನವೂ ಉಳಿಯುವುದಿಲ್ಲ. ಈ ಕಥೆಯಲ್ಲೂ ಒಬ್ಬರ ಮಾನ ಹೋಗುತ್ತದೆ. ಆದರೆ ಹೋದದ್ದರಿಂದ ಒಳ್ಳೆಯದೇ ಆಯಿತು, ಆ ಧೈರ್ಯದ ಮೇಲೆ ಬಾಯಿಬಿಡುತ್ತಿದ್ದೇನೆ.

ನಾನು ಹುಟ್ಟಿದ್ದು ಹೋಬಳಿ ಪೇಟೆಯ ಬಾಬುಜಾನ್ ಟೈಲರ್ ಅಂಗಡಿಯಲ್ಲಿ. ಒಂದು ಸೋಮವಾರ ಹೊಂಬಾಳೇಗೌಡರು ಹತ್ತಿ ಬಟ್ಟೆಯ ಕಟ್ಟೊಂದನ್ನು ಮೇಜಿನ ಮೇಲೆ ಹಾಕಿ, "ಬಾಬಣ್ಣ, ಎರಡು ಹೊಲ್ದುಬುಡು. ಒಸಿ ದೊಗಳೆಯಾಗೇ ಇರ್ಲಿ, ಕುಂತ್ರೆ ಹಿಡ್ಕಬಾರ್ದು" ಎಂದರು. ಬಾಬುಜಾನ್ ಗೌಡರ ಸೊಂಟಕ್ಕೆ ಒಮ್ಮೆ ಟೇಪು ಸುತ್ತಿದ. ನಂಬಿಕೆ ಬಾರದೆ ಇನ್ನೊಮ್ಮೆ ಸುತ್ತಿದ. ಸಂಜೆಯ ಹೊತ್ತಿಗೆ ನಾವಿಬ್ಬರು ಹುಟ್ಟಿದೆವು, ನಾನು ಮತ್ತು ನನ್ನ ಜೋಡಿ. ಒಂದೇ ಬಟ್ಟೆ, ಒಂದೇ ದಾರ, ಒಂದೇ ಅಳತೆ. ಅವಳಿಗಳಾದರೂ ನಮಗೆ ಮಾತಾಡಲು ಪುರಸೊತ್ತು ಸಿಕ್ಕಿದ್ದು ಕಡಿಮೆ. ಒಬ್ಬ ಗೌಡರ ಮೈಮೇಲಿದ್ದರೆ ಇನ್ನೊಬ್ಬ ಹಿತ್ತಿಲ ತಂತಿಯ ಮೇಲೆ ಇರುತ್ತಿದ್ದ.

ಹೊಂಬಾಳೇಗೌಡರ ಪರಿಚಯ ಮಾಡಿಕೊಡಬೇಕು. ವಯಸ್ಸು ಐವತ್ತೆಂಟು. ಊರಿನ ಹಾಲಿನ ಡೈರಿಗೆ ಅಧ್ಯಕ್ಷರು. ನಾಲೆಯ ಕೆಳಗೆ ಎರಡು ಎಕರೆ ಕಬ್ಬು. ಲುಂಗಿಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟುವ ಅಭ್ಯಾಸ ಅವರಿಗೆ ಇದ್ದುದರಿಂದ ನನಗೂ ಲೋಕ ನೋಡುವ ಭಾಗ್ಯ ಒದಗಿತು. ಅವರಲ್ಲಿದ್ದ ಒಂದೇ ದೊಡ್ಡ ರೋಗವೆಂದರೆ ಶುಚಿ. ಮೈಯದಲ್ಲ, ಹೊಲದ್ದು. ಕಬ್ಬು ಕಡಿದ ಮಾರನೆಯ ದಿನವೇ ತರಗಿಗೆ ಬೆಂಕಿ ಹಚ್ಚುತ್ತಿದ್ದರು. ಬದುವಿನಲ್ಲಿ ಒಂದು ಹುಲ್ಲುಕಡ್ಡಿ ತಲೆಯೆತ್ತಿದರೆ ಔಷಧಿ. ಎಲೆ ಒಸಿ ಹಳದಿಯಾದರೆ ಯೂರಿಯಾ, ಹಳದಿಯಾಗದಿದ್ದರೂ ಯೂರಿಯಾ. "ಹೊಲ ಅಂದ್ರೆ ಆಸ್ಪತ್ರೆ ಇದ್ದಂಗಿರ್ಬೇಕು ಕಣ್ರಪ್ಪ, ಕೆದುಕುದ್ರೆ ಒಂದು ಹುಳ ಕಾಣ್ಬಾರ್ದು" ಎಂದು ಡೈರಿಯ ಮುಂದೆ ನಿಂತು ಹೇಳುತ್ತಿದ್ದರು. ಕೇಳಿದವರು ಹೌದೆನ್ನುತ್ತಿದ್ದರು. ಅಧ್ಯಕ್ಷರಿಗೆ ಅಲ್ಲವೆನ್ನುವವರು ಯಾರು?

ಒಬ್ಬರಿದ್ದರು. ಅವರ ಹೆಂಡತಿ ಚಿಕ್ಕತಾಯಮ್ಮ.

ಗೌಡರ ಕಬ್ಬಿನ ಗದ್ದೆಗೆ ಅಂಟಿಕೊಂಡಂತೆಯೇ ಚಿಕ್ಕತಾಯಮ್ಮನ ಹತ್ತು ಗುಂಟೆ ಇತ್ತು. ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟ ಜಾಗ. ಅಲ್ಲಿ ಅವರು ಅವರೆ, ಬದನೆ, ದಂಟು, ಒಂದಿಷ್ಟು ರಾಗಿ ಹಾಕುತ್ತಿದ್ದರು. ಮದುವೆಯಾದ ಎರಡನೆಯ ವರ್ಷದಿಂದ ಹಿಡಿದು ದಿನಾ ಬೆಳಿಗ್ಗೆ ಕೊಟ್ಟಿಗೆಯ ಗೊಬ್ಬರವನ್ನು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ತಂದು ಅಲ್ಲಿ ಸುರಿಯುತ್ತಿದ್ದರು. ಒಣಗಿದ ಸೊಪ್ಪು, ಅವರೆಯ ಸಿಪ್ಪೆ, ಗೌಡರು ಬೆಂಕಿಗೆ ಹಾಕುವ ಮೊದಲು ಕದ್ದು ತಂದ ತರಗು, ಎಲ್ಲವೂ ಅಲ್ಲಿಗೇ. ಹೀಗೆ ಮೂವತ್ತು ವರ್ಷ. ಆ ಹತ್ತು ಗುಂಟೆ ಮೊದಲೇ ಒಸಿ ದಿಬ್ಬದ ಜಾಗ, ಈಗ ಪಕ್ಕದ ಕಬ್ಬಿನ ಗದ್ದೆಗಿಂತ ಒಂದೂವರೆ ಅಡಿ ಎತ್ತರಕ್ಕೆ ನಿಂತಿತ್ತು. ನಾಲೆಯ ನೀರು ಅಲ್ಲಿಗೆ ಹತ್ತುತ್ತಿರಲಿಲ್ಲ. ಚಿಕ್ಕತಾಯಮ್ಮನಿಗೆ ಅದರ ಚಿಂತೆಯೂ ಇರಲಿಲ್ಲ. ಒಂದು ಮಳೆ ಬಿದ್ದರೆ ಆ ಮಣ್ಣು ಹದಿನೈದು ದಿನ ಹಸಿಯಾಗೇ ಇರುತ್ತಿತ್ತು.

ಗೌಡರಿಗೆ ಮಾತ್ರ ಆ ಒಂದೂವರೆ ಅಡಿ ಕಣ್ಣಿಗೆ ಚುಚ್ಚುತ್ತಿತ್ತು. ನೆಲ ಮಟ್ಟವಾಗಿರಬೇಕು, ನೀರು ಈ ಬದುವಿನಿಂದ ಆ ಬದುವಿಗೆ ಸರಾಗವಾಗಿ ಹರಿಯಬೇಕು, ಅಲ್ಲೂ ಕಬ್ಬು ನಿಲ್ಲಬೇಕು. ಇಟ್ಟಿಗೆ ಗೂಡಿನವನೊಬ್ಬ ಬಂದು, ಜೆಸಿಬಿಯೂ ನನ್ನದೇ, ಟಿಪ್ಪರೂ ನನ್ನದೇ, ಮೇಲಿನ ಒಂದೂವರೆ ಅಡಿ ಕೆರೆದುಕೊಂಡು ಹೋಗುತ್ತೇನೆ ಎಂದಾಗ ಗೌಡರಿಗೆ ಹಾಲು ಅನ್ನ ಉಂಡಷ್ಟು ಖುಷಿಯಾಯಿತು. ಅವರು ಆ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಹೇಳಿದರು. ಚಿಕ್ಕತಾಯಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಅದು ನಾನು ಮೂವತ್ತು ವರ್ಸ ತಲೆ ಮ್ಯಾಲೆ ಹೊತ್ತು ಹಾಕಿರೋದು. ಅದ್ನ ಸುಟ್ಟು ಇಟ್ಟಿಗೆ ಮಾಡ್ತೀರಾ?"

"ಕೊಳ್ತೋಗಿರೋ ಮಣ್ಣು ಕಣಮ್ಮಿ ಅದು. ಕೆದುಕುದ್ರೆ ಹುಳ. ಗೂಡಿಗಾದ್ರೂ ಆಗ್ಲಿ ಬುಡು."

ಚಿಕ್ಕತಾಯಮ್ಮ ಅಂದು ಉಣ್ಣಲಿಲ್ಲ. ಗೌಡರು ಎರಡನೆಯ ಸಲ ಮುದ್ದೆ ಹಾಕಿಸಿಕೊಂಡರು. ನನಗೆ ಆಗ ಗೌಡರ ಮಾತೇ ವೇದವಾಗಿತ್ತು, ಹೆಂಗಸರಿಗೇನು ಗೊತ್ತು ಎಂದುಕೊಂಡೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ವಾರವೇ ಕೃಷಿ ಇಲಾಖೆಯ ಕಡೆಯಿಂದ ಮಣ್ಣಿನ ವಿಜ್ಞಾನಿ ಫ್ಲೇವಿಯಾ ಮೇಡಂ ಊರಿಗೆ ಬಂದರು. ಡೈರಿಯ ಅಂಗಳದಲ್ಲಿ ಸಭೆ. ಗೌಡರು ಎದ್ದು ಸ್ವಾಗತ ಕೋರಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡರು. ಮೇಡಂ ಹೇಳತೊಡಗಿದರು: "ಹಳೆಯದಾದರೂ ಪರವಾಗಿಲ್ಲ, ಅಪ್ಪಟ ಹತ್ತಿಯ ಒಳಉಡುಪೊಂದನ್ನು ನಿಮ್ಮ ಹೊಲದಲ್ಲಿ ಅರ್ಧ ಅಡಿ ಆಳಕ್ಕೆ ಹೂಳಿ. ಗುರುತಿಗೆ ಒಂದು ಕಡ್ಡಿ ನೆಡಿ. ಎರಡು ತಿಂಗಳಾದ ಮೇಲೆ ನಾನೇ ಬಂದು ತೆಗೆಸಿ ನೋಡುತ್ತೇನೆ. ಯಾರ ಮಣ್ಣು ಚೆನ್ನಾಗಿದೆ ಅಂತ ಆಗ ಗೊತ್ತಾಗುತ್ತದೆ." ಸಭೆ ಕೊಳ್ಳೆಂದು ನಕ್ಕಿತು. ಅಷ್ಟರಲ್ಲಿ ಹಿಂದಿನಿಂದ ಬೋಂಡದ ವಾಸನೆ ಬಂತು. ಹಾರ ಹಾಕಿದ ಮೇಲೆ ಸಭೆ ಮುಗಿದಂತೆ ಎಂಬುದು ಗೌಡರ ನಂಬಿಕೆ. ಅವರು ಎದ್ದು ಹೋದರು. ಅವರೊಂದಿಗೆ ನಾನೂ ಹೋದೆ, ಬೇರೆ ದಾರಿ ನನಗೆಲ್ಲಿತ್ತು? ಮೇಡಂ ಆಡಿದ ಮುಖ್ಯವಾದ ಮಾತು ನಾವು ಎದ್ದು ಹೋದ ಮೇಲಿನದು. ಚಿಕ್ಕತಾಯಮ್ಮ ಮಾತ್ರ ಕೊನೆಯ ತನಕ ಮುಂದಿನ ಸಾಲಿನಲ್ಲೇ ಕೂತಿದ್ದರು.

ಮನೆಗೆ ಬಂದು ಅವರು ಗಂಡನಿಗೆ ನೇರವಾಗಿ ಹೇಳಿದರು: "ನಿಮ್ಮ ಹೊಲ್ದಾಗೊಂದು, ನನ್ನ ಹೊಲ್ದಾಗೊಂದು ಹೂಳಾನ. ಮೇಡಮ್ಮು ನಿಮ್ಮ ಮಣ್ಣೇ ಚೆಂದ ಅಂದ್ರೆ ಜೆಸಿಬಿ ತರ್ಸಿ, ನಾನು ಉಸುರೆತ್ತಾಕಿಲ್ಲ. ನನ್ನ ಮಣ್ಣೇ ಚೆಂದ ಅಂದ್ರೆ ಇನ್ಯಾವತ್ತೂ ಅದ್ರ ತಂಟೆಗೆ ಬರ್ಬಾರ್ದು."

ಗೌಡರು ತೊಡೆ ತಟ್ಟಿ ಒಪ್ಪಿದರು. ಅವರ ತರ್ಕ ಸರಳವಾಗಿತ್ತು. ಶುಚಿಯಾದ ಹೊಲದಲ್ಲಿ ಹೂತದ್ದು ಹಾಕಿದ ಹಾಗೇ ಹೊರಬರುತ್ತದೆ. ಕೊಳಕು ಹೊಲದಲ್ಲಿ ಹುಳು ಹಿಡಿದು ಹಾಳಾಗುತ್ತದೆ. ಮೇಡಂ ನೋಡಲು ಬರುವುದು ಅದನ್ನಲ್ಲದೆ ಇನ್ನೇನನ್ನು? ಹೆಂಡತಿಯನ್ನು ಕೇಳಬಹುದಿತ್ತು. ಅಧ್ಯಕ್ಷರು ಕೇಳುತ್ತಾರೆಯೇ? ಚಿಕ್ಕತಾಯಮ್ಮನೂ ತಾವಾಗಿ ಹೇಳಲಿಲ್ಲ. ಅವರ ಮುಖದಲ್ಲಿ ಒಂದು ಬಗೆಯ ನಗು ಇತ್ತು. ನಾನದನ್ನು ಭಯದ ನಗು ಎಂದು ತಿಳಿದೆ.

ಪಂದ್ಯ ನ್ಯಾಯವಾಗಿರಬೇಕೆಂದು ಅವಳಿಗಳಾದ ನಮ್ಮನ್ನೇ ಆರಿಸಿದರು. ನನ್ನ ಜೋಡಿ ಚಿಕ್ಕತಾಯಮ್ಮನ ಹತ್ತು ಗುಂಟೆಗೆ, ನಾನು ಗೌಡರ ಕಬ್ಬಿಗೆ. ಗುಳಿಗೆ ಇಳಿಸುವ ಮುನ್ನ ಗೌಡರು ನನ್ನ ಮೈ ಸವರಿ, "ನನ್ನ ಮಾನ ನಿನ್ನ ಕೈಯಾಗದೆ ಕಣಪ್ಪ" ಎಂದರು. ನನಗೆ ಕೈ ಇಲ್ಲ. ಇದ್ದ ಎರಡು ಕಾಲನ್ನೇ ಬಿಗಿ ಹಿಡಿದು, ಪ್ರಾಣ ಹೋದರೂ ಒಂದು ಎಳೆ ಬಿಚ್ಚಿಕೊಳ್ಳುವುದಿಲ್ಲ ಎಂದು ಪಣ ತೊಟ್ಟೆ. ಅವರು ಮಣ್ಣು ಮುಚ್ಚಿ, ಕಡ್ಡಿ ನೆಟ್ಟು, ಇರಲಿ ಎಂದು ಮೇಲೊಂದು ಸುತ್ತು ಔಷಧಿಯನ್ನೂ ಹೊಡೆದು ಹೋದರು.

ಮಣ್ಣಿನೊಳಗೆ ಬಹಳ ಗಲಾಟೆ ಇರುತ್ತದೆ ಎಂದು ನಾನು ಎಣಿಸಿದ್ದೆ. ಏನೂ ಇರಲಿಲ್ಲ. ಮೊದಲ ವಾರ ಒಂದು ಪಿಳ್ಳೆಯೂ ನನ್ನನ್ನು ಮಾತಾಡಿಸಲಿಲ್ಲ. ಸುತ್ತಲಿನ ಮಣ್ಣು ಹಪ್ಪಳದ ಹಾಗೆ ಗಟ್ಟಿ, ಔಷಧಿಯ ಘಾಟು. ಒಂದು ಎರೆಹುಳು ಪಕ್ಕದ ಹತ್ತು ಗುಂಟೆಯಿಂದ ದಾರಿ ತಪ್ಪಿ ಬಂತು. ಮೂಸಿ ನೋಡಿ, ಬಂದ ದಾರಿಯಲ್ಲೇ ವಾಪಸು ಹೋಯಿತು. ಗೌಡರು ಹೇಳಿದ ಆಸ್ಪತ್ರೆ ಅಂದರೆ ಇದೇ ಇರಬೇಕು, ಆದರೆ ರೋಗಿಗಳೆಲ್ಲ ಎಲ್ಲಿ ಹೋದರು ಎಂದು ನನಗೆ ಅನ್ನಿಸಿತು. ಆದರೂ ಬೇಸರ ಮಾಡಿಕೊಳ್ಳಲಿಲ್ಲ. ಗೆಲ್ಲುವವರಿಗೆ ಒಂಟಿತನ ಇದ್ದದ್ದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎರಡನೆಯ ವಾರ ಒಂದು ಅನಾಹುತವಾಯಿತು. ಗೌಡರಿಗೆ ಕೆಂಪಾಜಮ್ಮ ಎಂಬ ಅಕ್ಕ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಅದೇ ಊರಿನಲ್ಲಿ, ಎರಡು ಮನೆಯಾಚೆ ಇದ್ದಾರೆ. ತಮ್ಮನೆಂದರೆ ಜೀವ. ಸಭೆಯ ದಿನ ಅವರು ಮಗಳ ಊರಿಗೆ ಹೋಗಿದ್ದರು, ಪಂದ್ಯದ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲ. ವಾಪಸು ಬಂದವರು ಹೊಲದ ಕಡೆ ಬಂದಾಗ ಕಬ್ಬಿನ ನಡುವೆ ಹೊಸ ಮಣ್ಣಿನ ಗುಡ್ಡೆ ಮತ್ತು ಅದರ ನೆತ್ತಿಯಲ್ಲೊಂದು ಕಡ್ಡಿ ಕಂಡಿತು. ಕುಡುಗೋಲಿನ ತುದಿಯಿಂದ ಅರ್ಧ ಅಡಿ ಕೆದಕಿದರು. ನನ್ನ ನೀಲಿ ಪಟ್ಟೆ ಕಾಣಿಸಿತು.

"ಅಯ್ಯೋ ಮಾರವ್ವಾ! ನನ್ ತಮ್ಮುಂದು!" ಎಂದು ಅವರು ಎದೆ ಹಿಡಿದು ಕೂತುಬಿಟ್ಟರು.

ಉಟ್ಟು ಬಿಟ್ಟ ಬಟ್ಟೆಯನ್ನು ಹೊಲದಲ್ಲಿ ಹೂಳುವುದೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಮಾಟ. ಡೈರಿ ಚುನಾವಣೆಯಲ್ಲಿ ಸೋತವರಲ್ಲಿ ಯಾರೋ ಕೈ ಮಾಡಿದ್ದಾರೆ ಎಂದು ಕೆಂಪಾಜಮ್ಮನಿಗೆ ಅರೆಗಳಿಗೆಯಲ್ಲಿ ಖಾತ್ರಿಯಾಯಿತು. ಹೂತದ್ದನ್ನು ಕಿತ್ತರೆ ತಮ್ಮನ ಜೀವಕ್ಕೇ ಕುತ್ತು. ಯಾರಿಗಾದರೂ ಹೇಳಿದರೆ ಬಿಡಿಸುವ ಕೆಲಸ ಫಲಿಸುವುದಿಲ್ಲ. ಹಾಗಾಗಿ ಆ ತಾಯಿ ಯಾರ ಹತ್ತಿರವೂ ತುಟಿ ಬಿಚ್ಚದೆ ತಮಗೆ ತಿಳಿದಂತೆ ಶಾಂತಿ ಮಾಡಲು ಹೊರಟರು. ಅಂದಿನಿಂದ ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದರು. ಒಂದು ಚೊಂಬು ಗಂಜಲ, ಅದರಲ್ಲಿ ಕದಡಿದ ಸಗಣಿ. ಮಾರಮ್ಮನಿಗೆ ಇಡುವ ಹಾಗೆ ಬೆಲ್ಲ, ಹುರಿಗಡಲೆ ಹಿಟ್ಟು ಕಲೆಸಿದ ತಂಬಿಟ್ಟಿನ ಉಂಡೆ. ಜೊತೆಗೆ ಗುಡಿಯ ಮುಂದಿನ ಅರಳಿಮರದ ಬುಡದಿಂದ ಒಂದು ಹಿಡಿ ಮಣ್ಣು. ಎಲ್ಲವನ್ನೂ ನನ್ನ ನೆತ್ತಿಯ ಮೇಲೆ ಸುರಿದು, "ಯಾರು ಮಾಡಿದ್ರೋ ಅವ್ರ ಮನೆ ಬಾಗ್ಲಿಗೇ ಹೋಗು" ಎಂದು ಮೂರು ಸಲ ಹೇಳಿ ಹೋಗುತ್ತಿದ್ದರು.

ಆಗ ಶುರುವಾಯಿತು ನೋಡಿ ಗಲಾಟೆ. ಅರಳಿಮರದ ಬುಡದಿಂದ ಬಂದ ಆ ಒಂದು ಹಿಡಿ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜನ ಕೋಟಿಗಟ್ಟಲೆ ಇದ್ದರು. ಇಳಿದವರೇ ಮದುವೆ ಮನೆಗೆ ಬಂದವರಂತೆ ಪಂಕ್ತಿ ಹಾಕಿದರು. ಮೊದಲ ಪಂಕ್ತಿ ಬೆಲ್ಲಪ್ರಿಯರದು. ಅವರು ಉಂಡು, ಗಳಿಗೆಗೊಂದು ಮನೆಯಾಗಿ ಬೆಳೆದು, ಅಂಟಂಟಾದ ಗೋಂದು ಬಿಟ್ಟು ಮಣ್ಣಿನ ಹರಳುಗಳನ್ನು ಒಂದಕ್ಕೊಂದು ಅಂಟಿಸಿದರು. ಅವರು ಅಂಟಿಸಿದ ಸಂದಿಯಲ್ಲಿ ಗಾಳಿ ಆಡಿತು, ತೇವ ನಿಂತಿತು. ಆಮೇಲಿನ ಪಂಕ್ತಿಯವರು ಬೂಷ್ಟಿನ ಮಂದಿ. ಬಿಳಿ ನೂಲಿನಂಥ ಮೈಯವರು, ನಿಧಾನಸ್ಥರು. ಅವರಿಗೆ ಬೆಲ್ಲ ಬೇಡ, ಒಣಹುಲ್ಲು, ತರಗು, ನಾರು ಬೇಕು. ಹತ್ತಿಯೂ ನಾರೇ ಅಲ್ಲವೇ? ಅವರ ಕಣ್ಣು ನನ್ನ ಮೇಲೆ ಬಿತ್ತು. ಇನ್ನೂ ಕೆಲವರು ಬಂದರು. ಅವರು ಸುಳಿದಾಡಿದಲ್ಲೆಲ್ಲ ಮೊದಲ ಮಳೆಯ ನೆಲದ ವಾಸನೆ ಎದ್ದಿತು.

"ಬೇಡ ಕಣ್ರಪ್ಪ, ಗೌಡರ ಮಾನದ ಪ್ರಶ್ನೆ" ಎಂದು ನಾನು ಕೈ ಮುಗಿಯುವುದೊಂದು ಬಾಕಿ. ಅವರು ಕೇಳಲಿಲ್ಲ. ಉಂಡೆ ಬೀಳುತ್ತಿದ್ದ ಜಾಗದ ನೇರಕ್ಕೆ ನನ್ನ ಹಿಂಭಾಗವಿತ್ತು. ಅಲ್ಲೇ ಕಚಗುಳಿ ಇಟ್ಟ ಹಾಗಾಯಿತು. ಎಂಟನೆಯ ವಾರದ ಹೊತ್ತಿಗೆ, ಹೇಳಲು ಸಂಕೋಚ, ಅಲ್ಲೊಂದು ತೂತು ಬಿತ್ತು. ದೊಡ್ಡ ಬಳೆಯಷ್ಟು ಅಗಲ. ನಾನು ಅತ್ತುಬಿಟ್ಟೆ. ಗೌಡರು ಸೋತರು, ನನ್ನಿಂದ ಸೋತರು ಎಂದೇ ನನ್ನ ದುಃಖ.

ಎರಡು ತಿಂಗಳು ತುಂಬಿತು. ಹೂತದ್ದನ್ನು ತೆಗೆಯುವ ದಿನ ಊರಿಗೆ ಊರೇ ಬದುವಿನ ಮೇಲೆ ನೆರೆದಿತ್ತು. ಫ್ಲೇವಿಯಾ ಮೇಡಂ ಪುಸ್ತಕ ಹಿಡಿದು ಆಚೆ ಬದುವಿನಲ್ಲಿ ನಿಂತಿದ್ದರು. ಗೆಲುವು ತಮ್ಮದೇ ಎಂಬ ಧೈರ್ಯದಲ್ಲಿ ಗೌಡರು ಇಟ್ಟಿಗೆ ಗೂಡಿನ ಜೆಸಿಬಿಯನ್ನು ಆಗಲೇ ತರಿಸಿ ಹತ್ತು ಗುಂಟೆಯ ತಲೆಯ ಹತ್ತಿರ ನಿಲ್ಲಿಸಿದ್ದರು. ಅದರ ಹಲ್ಲು ಅವರೆ ಗಿಡದ ಮೊದಲ ಸಾಲಿಗೆ ತಾಗುವಷ್ಟು ಹತ್ತಿರ ಇತ್ತು. ಚಿಕ್ಕತಾಯಮ್ಮ ಆ ಸಾಲಿನ ಮುಂದೆ ನಿಂತಿದ್ದರು. ಪಂದ್ಯದ ನಿಯಮ ಅವರಿಗೆ ಗೊತ್ತಿತ್ತು. ಗಂಡ ಆಡಿದ ಮಾತಿಗೆ ನಿಲ್ಲುತ್ತಾರೋ ಇಲ್ಲವೋ ಎಂಬುದು ಗೊತ್ತಿರಲಿಲ್ಲ. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ಮೊದಲು ನನ್ನನ್ನು ತೆಗೆದರು. ಗೌಡರೇ ಬಗ್ಗಿ, ಮಣ್ಣು ಸರಿಸಿ, ಎಳೆದರು. ಅವರ ಕಣ್ಣಿಗೆ ಮೊದಲು ಬಿದ್ದದ್ದೇ ತೂತು. ಮುಖ ಕಪ್ಪಿಟ್ಟಿತು. ಆದರೆ ಡೈರಿ ನಡೆಸಿದ ಕೈ ಅದು. ಯಾರೂ ನೋಡುವ ಮುನ್ನ ಅಂಗೈಯನ್ನು ಅಗಲಿಸಿ ತೂತು ಮುಚ್ಚಿ ಹಿಡಿದು, ನನ್ನನ್ನು ಬಾವುಟದ ಹಾಗೆ ಎತ್ತಿ ಆಡಿಸಿದರು.

"ನೋಡ್ಕಳಿ! ಹಾಕ್ದಂಗೇ ಅದೆ! ಈಗ್ಲೇ ಉಟ್ಕಂಡು ಸಂತೆಗೆ ಹೋಗ್ಬೋದು!"

ಊರಿನವರು ಚಪ್ಪಾಳೆ ತಟ್ಟಿದರು. ಅವರಲ್ಲಿ ಅರ್ಧ ಜನ ಸಭೆಯ ದಿನ ಬೋಂಡದ ಹತ್ತಿರ ಇದ್ದವರು. ನಾನು ಮೇಲೆ ನಿಂತು ಸುತ್ತ ನೋಡಿದೆ. ಜೀವಮಾನದಲ್ಲಿ ಅಷ್ಟು ಎತ್ತರಕ್ಕೆ ನಾನು ಏರಿರಲಿಲ್ಲ.

ಆಮೇಲೆ ಚಿಕ್ಕತಾಯಮ್ಮನ ಕಡ್ಡಿಯ ಹತ್ತಿರ ಅಗೆದರು. ಗುದ್ದಲಿ ಬೇಕಾಗಲಿಲ್ಲ, ಕೈಯಲ್ಲೇ ಬಂತು. ಕಪ್ಪು ಮಣ್ಣು, ಎರೆಹುಳು, ಮತ್ತೆ ಕಪ್ಪು ಮಣ್ಣು. ಕೊನೆಗೆ ಒಂದು ನೈಲಾನ್ ಲಾಡಿ. ಅದಕ್ಕೆ ಅಂಟಿಕೊಂಡಂತೆ ಬೆರಳಷ್ಟು ಪಟ್ಟೆ ಬಟ್ಟೆ. ನನ್ನ ಜೋಡಿಯಲ್ಲಿ ಉಳಿದದ್ದು ಅಷ್ಟೇ.

"ಅಲ್ಲಮ್ಮಿ, ಚಡ್ಡೀನೇ ತಿಂದ್ಬುಡ್ತಲ್ಲ ನಿನ್ನ ಹೊಲ! ನಾಳೆ ಮನ್ಸರ್ನೂ ತಿಂತದೆ!" ಎಂದು ಗೌಡರು ಬಿದ್ದು ಬಿದ್ದು ನಕ್ಕು, ಜೆಸಿಬಿಯವನಿಗೆ ಕೈ ಮಾಡಿದರು. ಯಂತ್ರ ಗುರ್ ಎಂದಿತು. ಹಲ್ಲು ಮೇಲೆದ್ದಿತು. ಚಿಕ್ಕತಾಯಮ್ಮ ಇದ್ದಲ್ಲಿಂದ ಕದಲಲಿಲ್ಲ.

"ಏ, ನಿಲ್ಲಿಸಿ! ನಿಲ್ಲಿಸಿ!" ಎಂದು ಕೂಗಿದವರು ಫ್ಲೇವಿಯಾ ಮೇಡಂ. ಬದು ಹಾರಿ ಓಡಿ ಬಂದರು. "ಗೌಡ್ರೇ, ಏನು ಮಾಡ್ತಿದ್ದೀರಿ? ಗೆದ್ದಿರೋದು ಅವರು!"

"ಎಂಗೆ ಮೇಡಮ್ಮಾ? ನಂದು ನೆಟ್ಟಗದೆ, ಅವಳ್ದು ಇಲ್ಲವೇ ಇಲ್ಲ."

"ಇಲ್ಲದೆ ಇರೋದೇ ಗೆಲುವು. ಅವತ್ತೇ ಹೇಳಿದೆನಲ್ಲ? ಬಟ್ಟೆಯನ್ನು ತಿನ್ನೋದು ಮಣ್ಣಿನ ಸೂಕ್ಷ್ಮಜೀವಿಗಳು. ಜೀವಂತವಾದ ಒಂದು ಹಿಡಿ ಮಣ್ಣಿನಲ್ಲಿ ಈ ಭೂಮಿ ಮೇಲಿನ ಜನಕ್ಕಿಂತ ಹೆಚ್ಚು ಜೀವಗಳಿರುತ್ತವೆ. ತರಗು, ಗೊಬ್ಬರ, ಹತ್ತಿ ಎಲ್ಲವನ್ನೂ ಅವು ಅರಗಿಸಿ ಬೇರಿಗೆ ಊಟ ಬಡಿಸುತ್ತವೆ, ನೀರು ಹಿಡಿದಿಡುತ್ತವೆ. ನಿಮ್ಮ ಹೊಲದಲ್ಲಿ ಉಣ್ಣೋರೂ ಇಲ್ಲ, ಬಡಿಸೋರೂ ಇಲ್ಲ. ನೀವು ಹಾಕಿದ ಯೂರಿಯಾದಲ್ಲಿ ಎಷ್ಟೋ ಪಾಲು ನೀರಿನ ಜೊತೆ ಹೋಗಿ ಕೆರೆ ಸೇರುತ್ತೆ. ಕೆರೆ ತುಂಬ ಅಂತರಗಂಗೆ ಯಾಕೆ ಬೆಳೆದಿದೆ ಅಂದುಕೊಂಡಿರಿ?"

"ಅಂಗಾರೆ ಅಧ್ಯಕ್ಸರು ಇಷ್ಟು ವರ್ಸ ಕೆರೆಗೇ ಗೊಬ್ರ ಹಾಕ್ತಿದ್ರಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಬದುವಿನ ಉದ್ದಕ್ಕೂ ನಗು ಹಬ್ಬಿತು. ಚಪ್ಪಾಳೆ ತಟ್ಟಿದ್ದವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಗೌಡರು ಹೆಂಡತಿಯ ಕಡೆ ತಿರುಗಿದರು. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಹೇಳ್ಬಾರ್ದಾ?"

"ನೀವು ಕೇಳ್ಳೇ ಇಲ್ಲ. ಮೂವತ್ತು ವರ್ಸದಿಂದ ಕೇಳಿಲ್ಲ" ಎಂದರು ಚಿಕ್ಕತಾಯಮ್ಮ.

ಗೌಡರ ಅಂಗೈ ನಿಧಾನವಾಗಿ ನನ್ನ ಮೇಲಿನಿಂದ ಸರಿಯಿತು. ನನ್ನ ಹಿಂಭಾಗವನ್ನು ಊರಿನ ಮುಂದೆ, ಮೇಡಂ ಮುಂದೆ ಹಿಡಿದು, ಪರೀಕ್ಷೆಯಲ್ಲಿ ಒಂದೇ ಒಂದು ಉತ್ತರ ಬರೆದವನ ಹಾಗೆ ಕೇಳಿದರು: "ಮೇಡಮ್ಮಾ, ಒಂದು ತೂತು ಅದೆ. ಇದ್ನ ಒಸಿ ಲೆಕ್ಕಕ್ಕೆ ತಗತೀರಾ?"

ಮೇಡಂ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಆಶ್ಚರ್ಯವಾಯಿತು ಅವರಿಗೆ. ಮಿಕ್ಕ ಮೈಯೆಲ್ಲ ಹೊಸದರಂತಿದೆ, ಇಲ್ಲೊಂದೇ ಕಡೆ ಬಟ್ಟೆ ಮಣ್ಣಾಗಿದೆ. ಗುಳಿಯಲ್ಲಿ ಆ ನೇರಕ್ಕಿದ್ದ ಮಣ್ಣನ್ನು ಮುಟ್ಟಿದರೆ ಮೆತ್ತಗೆ, ಮೂಸಿದರೆ ಮಳೆಯ ವಾಸನೆ. "ಇಲ್ಲಿಗೆ ಏನು ಹಾಕಿದಿರಿ?" ಎಂದರು. ಗೌಡರು ತಮ್ಮ ಔಷಧಿಯ ಹೆಸರು ಹೇಳಿದರು. ಮೇಡಂ ತಲೆಯಾಡಿಸಿದರು. ಆಗ ಗುಂಪಿನ ನಡುವಿನಿಂದ ಕೆಂಪಾಜಮ್ಮ ಅಳುತ್ತಾ ಮುಂದೆ ಬಂದರು.

"ನಾನೇ ಕಣವ್ವಾ ಹಾಕಿದ್ದು. ಯಾರೋ ನನ್ ತಮ್ಮುಂಗೆ ಮಾಟ ಮಾಡವ್ರೆ ಅಂದ್ಕಂಡು ಗಂಜ್ಲ, ಸಗಣಿ, ತಂಬಿಟ್ಟು, ಅಳ್ಳೀಮರದ ಮಣ್ಣು ಸುರ್ದೆ. ಹೇಳುದ್ರೆ ಫಲ ಕೆಟ್ಟೋಯ್ತದೆ ಅಂತ ಯಾರ್ಗೂ ಹೇಳ್ನಿಲ್ಲ."

ಮೇಡಂ ನಗಲೂ ಆಗದೆ, ನಗದೆ ಇರಲೂ ಆಗದೆ, "ಅಮ್ಮಾ, ಗಂಜಲ, ಸಗಣಿ, ಬೆಲ್ಲ, ಬೇಳೆ ಹಿಟ್ಟು, ಒಂದು ಹಿಡಿ ಒಳ್ಳೆ ಮಣ್ಣು. ನಾವು ಊರೂರು ಸುತ್ತಿ ಮಣ್ಣಿಗೆ ಹಾಕೋ ಜೀವಾಮೃತ ಅಂತ ಹೇಳಿಕೊಡೋದು ಇದನ್ನೇ" ಎಂದರು.

"ಅಂಗಾರೆ ಮಾಟ ಇರ್ನಿಲ್ವಾ?"

"ಇಲ್ಲಮ್ಮ."

ಕೆಂಪಾಜಮ್ಮನಿಗೆ ಸಮಾಧಾನಕ್ಕಿಂತ ಬೇಸರವೇ ಹೆಚ್ಚಾದಂತೆ ಕಂಡಿತು. "ಎರಡು ತಿಂಗ್ಳು ತಂಬಿಟ್ಟು ಚಡ್ಡಿಗೆ ಉಣ್ಸಿದ್ನಾ ನಾನು" ಎಂದು ಗೊಣಗಿಕೊಂಡು ಕಣ್ಣೊರೆಸಿಕೊಂಡರು. ಜೆಸಿಬಿಯವನು ಅತ್ತಿತ್ತ ನೋಡಿ, ಯಾರೂ ಏನೂ ಹೇಳದಿದ್ದುದನ್ನು ಕಂಡು, ಹಿಂದಕ್ಕೆ ತೆಗೆದುಕೊಂಡು ಹೊರಟುಹೋದ. ಹೋಗುವಾಗ ಅವರೆಯ ಒಂದು ಗಿಡವನ್ನೂ ತುಳಿಯಲಿಲ್ಲ.

ಗೌಡರು ಎರಡು ದಿನ ಡೈರಿಗೆ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಿಕ್ಕತಾಯಮ್ಮ ಬದನೆ ಬಿಡಿಸುತ್ತಿದ್ದಾಗ ಬದುವಿನ ಮೇಲೆ ಬಂದು ನಿಂತರು. ಕೈಯಲ್ಲಿ ಒಂದು ಖಾಲಿ ಮಂಕರಿ. ನಾನು ಆಗ ಅವರ ಹೆಗಲ ಮೇಲಿದ್ದೆ. ಕೆಮ್ಮಿದರು. ಚಿಕ್ಕತಾಯಮ್ಮ ತಿರುಗಲಿಲ್ಲ. ಮತ್ತೆ ಕೆಮ್ಮಿದರು.

"ಒಂದು ಮಂಕ್ರಿ ಮಣ್ಣು ಕೊಡಮ್ಮಿ. ನಮ್ಮ ಕಬ್ಬಿಗೆ ಒಸಿ ಬೆರುಸ್ಕತೀನಿ."

"ಒಂದೂವರೆ ಅಡಿ ಕೆರ್ದು ಗೂಡಿಗೆ ಕೊಡ್ತೀನಿ ಅಂದೋರು ಒಂದು ಮಂಕ್ರಿಗೆ ಬಂದಿದ್ದೀರಾ?"

"ಬಂದಿದ್ದೀನಿ."

ಚಿಕ್ಕತಾಯಮ್ಮ ಎದ್ದು ಬಂದು ಮಂಕರಿಯನ್ನು ತಾವೇ ತುಂಬಿಸಿದರು. ಎತ್ತಿಕೊಡಲು ಹೋದಾಗ ಗೌಡರು ಬೇಡವೆಂದು, ತಾವೇ ಬಗ್ಗಿ ತಲೆಗೆ ಏರಿಸಿಕೊಂಡರು. ಕುತ್ತಿಗೆ ಒಂದು ಕಡೆ ವಾಲಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರ ತಲೆಯ ಮೇಲೆ ಮಂಕರಿ ಏರಿತ್ತು. ಚಿಕ್ಕತಾಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನನಗೆ ಗೊತ್ತಿರುವ ಹಾಗೆ, ಅದಾದ ಮೇಲೆ ಅವರು ಸೆರಗಿನಿಂದಲೇ ಕಣ್ಣನ್ನೂ ಒರೆಸಿಕೊಂಡರು.

ಆಮೇಲಿನ ವರ್ಷಗಳು ಎಲ್ಲವೂ ಸಲೀಸಾಗಿ ಹೋದವು ಎಂದರೆ ಸುಳ್ಳಾಗುತ್ತದೆ. ತರಗು ಸುಡದೆ ಬಿಟ್ಟರೆ ಹಾವು ಸೇರುತ್ತದೆ ಎಂದು ಗೌಡರು ಒಂದು ವರ್ಷವೆಲ್ಲ ಗೊಣಗಿದರು. ಎರಡನೆಯ ವರ್ಷ ಕಬ್ಬಿಗೆ ಬಿಳಿ ಹುಳು ಬಿದ್ದಾಗ ಔಷಧಿಯ ಡಬ್ಬಿಯನ್ನು ಕೈಗೆ ತೆಗೆದುಕೊಂಡೇ ಬಿಟ್ಟಿದ್ದರು, ಚಿಕ್ಕತಾಯಮ್ಮ ಕಿತ್ತು ಅಟ್ಟಕ್ಕೆ ಎಸೆದರು. ಕೆಂಪಾಜಮ್ಮ ಮಾತ್ರ ಈಗ ಮಂಗಳವಾರ ಶುಕ್ರವಾರ ರಾಜಾರೋಷವಾಗಿ ಚೊಂಬು ಹಿಡಿದು ಬರುತ್ತಾರೆ. ಮಾಟ ಇಲ್ಲ ಎಂದು ಮೇಡಂ ಹೇಳಿದ್ದನ್ನು ಅವರು ಪೂರ್ತಿ ನಂಬಿಲ್ಲ.

ನನ್ನ ಗತಿ ಏನಾಯಿತು ಎನ್ನುತ್ತೀರಾ? ಮಣ್ಣಿಗೆ ನೈಲಾನ್ ಬೇಡವೆಂದು ನನ್ನ ಲಾಡಿ ಕಿತ್ತು ಕರು ಕಟ್ಟಲು ಇಟ್ಟುಕೊಂಡರು. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಗೌಡರು ನನ್ನನ್ನು ಮತ್ತೆ ಅದೇ ಕಬ್ಬಿನಲ್ಲಿ ಹೂಳುತ್ತಿದ್ದರು. ಎರಡು ತಿಂಗಳಾದ ಮೇಲೆ ತೆಗೆಯುತ್ತಿದ್ದರು. ಅಂಗಳದಲ್ಲಿ ಕೂತು ಬೆರಳು ಹಾಕಿ ತೂತು ಎಣಿಸುತ್ತಿದ್ದರು. ಮರುವರ್ಷ ನಾಲ್ಕು. ಅದರ ಮರುವರ್ಷ ಎಣಿಸಲು ಆಗಲಿಲ್ಲ. ಡೈರಿಗೆ ಬಂದವರಿಗೆಲ್ಲ ನನ್ನನ್ನು ಬಿಡಿಸಿ ತೋರಿಸಿ, "ಬೆಳಕು ಬತ್ತದೆ ನೋಡಿ, ಬೆಳಕು!" ಎನ್ನುತ್ತಿದ್ದರು. ಹರಿದ ಚಡ್ಡಿಯನ್ನು ಹೆಮ್ಮೆಯಿಂದ ತೋರಿಸುವ ಅಧ್ಯಕ್ಷ ಬೇರೆ ಯಾವ ಊರಿನಲ್ಲೂ ಇರಲಾರ. ಬಿಚ್ಚಿಕೊಳ್ಳುವುದಿಲ್ಲ ಎಂದು ನಾನು ತೊಟ್ಟ ಪಣ ನನಗೇ ಮರೆತುಹೋಗಿತ್ತು. ಮಣ್ಣಿನೊಳಗೆ ಈಗ ಒಂಟಿತನವೂ ಇರಲಿಲ್ಲ. ಬೂಷ್ಟಿನ ಮಂದಿ ನನ್ನ ನೀಲಿ ಪಟ್ಟೆಯಲ್ಲಿ, ಬಿಳಿ ಪಟ್ಟೆಯಲ್ಲಿ ಸಂಸಾರ ಹೂಡಿದ್ದರು. ಅವರು ಉಂಡದ್ದರಲ್ಲಿ ಒಂದು ಪಾಲು ಕಬ್ಬಿನ ಬೇರಿಗೆ ಹೋಗುತ್ತಿತ್ತು. ಗೌಡರನ್ನು ಹೊರುವ ಕೆಲಸಕ್ಕಿಂತ ಈ ಕೆಲಸ ನನಗೆ ಹೆಚ್ಚು ಒಗ್ಗಿತು.

ನಾಲ್ಕನೆಯ ವರ್ಷ ಅಗೆದಾಗ ನಾನು ಸಿಗಲಿಲ್ಲ.

ಗೌಡರು ಒಂದು ಕಡೆ ಕೈ ಹಾಕಿದರು, ಇಲ್ಲ. ಇನ್ನೂ ಅರ್ಧ ಅಡಿ ಬಗೆದರು, ಇಲ್ಲ. ಮಣ್ಣನ್ನು ಎರಡು ಕೈಯಲ್ಲಿ ಬಾಚಿ, ಉದುರಿಸಿ, ಜಾಲಾಡಿದರು. ಒಂದು ಎಳೆಯೂ ಉಳಿದಿರಲಿಲ್ಲ. ಮೊಣಕಾಲೂರಿ ಕೂತ ಆ ಮನುಷ್ಯ ಒಂದು ಗಳಿಗೆ ಬಾಯಿ ತೆರೆದು ಆಕಾಶ ನೋಡಿದರು. ಆಮೇಲೆ ಒಂದು ಮುಷ್ಟಿ ಮಣ್ಣು ಹಿಡಿದುಕೊಂಡು, ಲುಂಗಿ ಬಿಚ್ಚಿಹೋಗುತ್ತಿದ್ದುದನ್ನೂ ಲೆಕ್ಕಿಸದೆ, ಕಬ್ಬಿನ ಸಾಲಿನಲ್ಲಿ ಓಡಿದರು.

"ಅಮ್ಮೀ! ಏನೂ ಇಲ್ಲ ಕಣಮ್ಮೀ! ಒಂದು ದಾರಾನೂ ಸಿಕ್ನಿಲ್ಲ!"

ಪಕ್ಕದ ಗದ್ದೆಯವರು ಕಳ್ಳತನವೇನೋ ಆಗಿದೆ ಎಂದು ದೊಣ್ಣೆ ಹಿಡಿದು ಓಡಿ ಬಂದರು. ಚಿಕ್ಕತಾಯಮ್ಮ ಅವರೆ ಸಾಲಿನಿಂದ ಎದ್ದು, ಕೈ ಒರೆಸಿಕೊಂಡು ಬದುವಿಗೆ ಬಂದರು. ಗೌಡರು ಮುಷ್ಟಿ ಬಿಚ್ಚಿ ಅವರ ಮುಂದೆ ಚಾಚಿದರು. ಆ ಮುಷ್ಟಿಯಲ್ಲಿ ನಾನಿದ್ದೆ. ನೋಡಿದರೆ ಬರೀ ಮಣ್ಣು. ಚಿಕ್ಕತಾಯಮ್ಮ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹೊಸಕಿದರು, ಮೂಗಿನ ಹತ್ತಿರ ಹಿಡಿದರು. ಗೌಡರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

"ನಿಮ್ದೂ ಉಣ್ಣಾಕೆ ಕಲ್ತದೆ" ಎಂದರು ಚಿಕ್ಕತಾಯಮ್ಮ. "ಮುಂದಿನ್ ಸಲಿ ನಂಗೆ ಮಣ್ಣು ಬೇಕಾದ್ರೆ ನಿಮ್ತಾವ್ಲೇ ಕೇಳ್ತೀನಿ."

ಗೌಡರು ಆ ಮುಷ್ಟಿಯನ್ನು ಮತ್ತೆ ಮುಚ್ಚಿಕೊಂಡು, ಜಾರುತ್ತಿದ್ದ ಲುಂಗಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.